ಬಿಚ್ಚಿಕೊಳ್ಳದ ಹಲಗೆ

ನಮ್ಮ ಮನೆಯವರಿಗೆ,

ಕ್ಷೇಮ ವಿಚಾರಿಸುವುದಿಲ್ಲ. ಬದುಕಿದ್ದಾಗ ನೀವೂ ವಿಚಾರಿಸಿದವರಲ್ಲ. ಮಗಳ ವಿಷಯ ಹೇಳಬೇಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸೈನ್ಯ ಬಿಟ್ಟ ಮೇಲೆ ಪ್ರತಿ ಚಳಿಗಾಲ ಕಾಶ್ಮೀರಕ್ಕೆ ಹೋಗಿ ಪ್ರವಾಸಿಗರನ್ನು ಹಿಮದ ಮೇಲೆ ಜಾರಿಸುತ್ತಿದ್ದಿರಲ್ಲ, ಅದೇ ಕೆಲಸ ಕಲಿಯುತ್ತೇನೆಂದು ಸವಿತಾ ಹಟ ಹಿಡಿದು ಹೋಗಿದ್ದಾಳೆ.

ಆ ಅಗಲವಾದ ಸ್ಕೀ ಹಲಗೆಗಳನ್ನು ಜಮಖಂಡಿಗೆ ತಂದ ದಿನ ನೆನಪಿದೆಯೇ? ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಹೆಗಲ ಮೇಲೆ ಹೊತ್ತು ಮೆರೆದಿರಿ. ಹೊಸ ಹಿಮ ಹಿಟ್ಟಿನ ಹಾಗೆ, ಸಣ್ಣ ಹಲಗೆ ಅದರಲ್ಲಿ ಹೂತುಹೋಗುತ್ತದೆ, ಅಗಲವಾದದ್ದು ತೇಲುತ್ತದೆ ಎಂದು ಓಣಿಗೆಲ್ಲ ಪಾಠ ಹೇಳಿದಿರಿ. ಅಷ್ಟು ಖರೆ. ಆದರೆ ಅಷ್ಟು ಉದ್ದದ್ದು ನಿಮಗೆ ಯಾಕೆ ಬೇಕಿತ್ತು? ನಿಮ್ಮ ಕ್ಯಾಪ್ಟನ್ ಸಾಹೇಬರ ಹತ್ತಿರ ಅಂಥದ್ದಿತ್ತು, ಅದಕ್ಕೆ. ಅವರು ಆರಡಿ ಆಳು. ನೀವು ಅಟ್ಟದ ಡಬ್ಬಿ ತೆಗೆಯಲು ಸ್ಟೂಲು ಹತ್ತುವವರು.

ಖಂಡೇಪೂಜೆಯ ದಿನ ಕುಡಗೋಲು, ನನ್ನ ಹೊಲಿಗೆ ಮಷೀನಿನ ಜೊತೆ ಅವನ್ನೂ ಇಟ್ಟು, ತಳಕ್ಕೆ ಕುಸುಬಿ ಎಣ್ಣೆ ತಿಕ್ಕಿದಿರಿ. ಮೇಣ ಹಚ್ಚಬೇಕೆಂದು ನೀವೇ ಹೇಳಿದ್ದಲ್ಲವೇ ಎಂದರೆ, "ವರ್ಷಕ್ಕೊಮ್ಮಿ ದೇವರ ಎಣ್ಣಿ ತಾಗಿದ್ರ ಏನಾಗತೈತಿ ಬಿಡ" ಅಂದಿರಿ. ಅಂಗಳದ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡಿತು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಬೂಟು ಕಚ್ಚಿಕೊಳ್ಳುವ ಬೈಂಡಿಂಗಿನ ಸ್ಪ್ರಿಂಗು ತಿರುಗಿಸಿದಿರಿ. ಬಿದ್ದಾಗ ಬೂಟು ತಾನಾಗಿ ಬಿಚ್ಚಿಕೊಳ್ಳಲಿ ಎಂದೇ ಆ ಸ್ಪ್ರಿಂಗು ಇರುವುದು. ತೂಕ, ವಯಸ್ಸು, ಬೂಟಿನ ಉದ್ದ ನೋಡಿ ಅದನ್ನು ಹದ ಮಾಡುತ್ತಾರೆ. ನೀವು ತಿರುಗುವಷ್ಟೂ ತಿರುಗಿಸಿದಿರಿ.

"ಅಪ್ಪಾ, ಇಷ್ಟ ಬಿಗಿ ಮಾಡಿದ್ರ ಬಿದ್ದಾಗ ಬಿಚ್ಚೂದಿಲ್ಲ" ಅಂದಳು ಸವಿತಾ.

"ಸಿಪಾಯಿ ಕಾಲಾಗಿಂದ ಹಲಗಿ ಬಿಚ್ಚಿತಂದ್ರ ಮರ್ಯಾದಿ ಏನ ಉಳೀತ? ಮಂದಿ ನಗತಾರ."

ಆ ಚಳಿಗಾಲ ನೀವು ಇಳಿಜಾರಿನಲ್ಲಿ ಬಿದ್ದ ಸುದ್ದಿ ತಂದವರು ಹೇಳಿದರು, ಅದು ದೊಡ್ಡ ಪೆಟ್ಟೇನಲ್ಲ ಎಂದು. ಬೇರೆಯವರಾಗಿದ್ದರೆ ಮೈ ಕೊಡವಿಕೊಂಡು ಎದ್ದು ಬರುತ್ತಿದ್ದರು. ನೀವು ತಲೆಕೆಳಗಾಗಿ ಮೆತ್ತನೆಯ ಹಿಮದಲ್ಲಿ ಹೂತಿರಿ. ಹಲಗೆಗಳು ಹೊರಳಿ ಏಳಲೂ ಬಿಡದೆ ಎರಡೂ ಕಾಲನ್ನು ಹಿಡಿದುಕೊಂಡೇ ಇದ್ದವಂತೆ. ಜನ ಅಗೆದು ತೆಗೆಯುವಷ್ಟರಲ್ಲಿ… ಉಳಿಯಿತೇ ನಿಮ್ಮ ಮರ್ಯಾದೆ? ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಈಗಲೂ ಅದೇ ಮೊದಲು ಬರುತ್ತದೆ.

ಸವಿತಾ ಹೊರಟಳೆಂದು ಕೇಳಿ ಬೀಳಗಿಯಿಂದ ನಿಮ್ಮ ತಮ್ಮ ಓಡಿಬಂದ. ಹಿಮವನ್ನು ಐಸ್‌ಕ್ರೀಮ್ ಅಂಗಡಿಯ ಫ್ರಿಜ್ಜಿನಲ್ಲಿ ಮಾತ್ರ ನೋಡಿದವನು. "ವೈನಿ, ಅಣ್ಣನ ಹಲಗಿ ಇರೂವಾಗ ಹೊಸಾವು ಯಾಕ? ಅಪ್ಪನ ನೆನಪರ ಇರತೈತಿ" ಅಂದ.

"ನೆನಪಿಗೆ ಫೋಟೋ ಐತಿ. ನೆನಪನ್ನ ಕಾಲಿಗೆ ಕಟ್ಟೂದು ಬ್ಯಾಡ" ಅಂದೆ. ಚಹಾ ಅರ್ಧಕ್ಕೇ ಬಿಟ್ಟು ಹೋದ. ಹೋಗಲಿ.

ಅಲ್ಲಿಯ ಅಂಗಡಿಯಲ್ಲಿ ನಿಂತು ಸವಿತಾ ವಿಡಿಯೋದಲ್ಲಿ ಒಂದೊಂದೇ ಜೋಡಿ ತೋರಿಸಿದಳು. ಕೊನೆಗೆ ತನ್ನಷ್ಟೇ ಎತ್ತರದ, ನಡು ಅಗಲವಿದ್ದು ಮುಂದಿನ ತುದಿ ಚೆನ್ನಾಗಿ ಮೇಲಕ್ಕೆ ಬಾಗಿದ ಜೋಡಿ ಆರಿಸಿದಳು. ಬಣ್ಣ ಏನೂ ಚಂದವಿಲ್ಲ. ಅಂಗಡಿಯವನು ಅವಳ ಬೂಟು ಇಟ್ಟು ಅಳೆದು ಬೈಂಡಿಂಗ್ ಕೂಡಿಸಿದ. ತೂಕ ಎಷ್ಟು, ಜಾರಲು ಎಷ್ಟು ಬರುತ್ತದೆ ಎಂದು ಕೇಳಿದರೆ ಇದ್ದದ್ದನ್ನೇ ಹೇಳಿದಳು. ನಿಮ್ಮ ವಂಶದಲ್ಲಿ ಇದು ಮೊದಲು.

ನಿನ್ನೆ ಫೋನ್ ಮಾಡಿದ್ದಳು. ಮೊಣಕಾಲುಮಟ ಹೊಸ ಹಿಮ ಬಿದ್ದಿತ್ತಂತೆ. ಮೊದಲ ಇಳಿಜಾರಿನಲ್ಲೇ ಮುಗ್ಗರಿಸಿ ಬಿದ್ದೆ ಅಂದಳು. ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

"ಎರಡೂ ಬಿಚ್ಚಿಕೊಂಡ್ವು ಬೇ ಅವ್ವಾ. ಹಿಮದಾಗ ಕೈ ಹಾಕಿ ಹುಡುಕೂದ್ರಾಗ ಸಾಕಾಗಿ ಹೋತು. ಎಲ್ಲಾರೂ ನಗಾಕತ್ತಿದ್ರು."

ಅವಳೂ ನಗುತ್ತಿದ್ದಳು. ನಾನು ಬಗ್ಗಿ ಕತ್ತರಿ ಎತ್ತಿಕೊಂಡೆ.

ಬಿದ್ದಳು, ಮಂದಿ ನಕ್ಕರು, ಎದ್ದಳು. ಇಷ್ಟೇ ಇತ್ತು ರೀ.