ಇನ್ನೊಮ್ಮೆ ಕೇಳಬೇಕಿದ್ದ ಪ್ರಶ್ನೆ

೧೭ ನವೆಂಬರ್ ೨೦೧೧, ಗುರುವಾರ

ಆ ಹುಡುಗಿಯ ಕಣ್ಣು ನನ್ನ ಬೆನ್ನಿಗೇ ಮನೆಗೆ ಬಂದಿದೆ.

ಹದಿಹರೆಯದವರ ಆರೋಗ್ಯದ ಸರ್ವೆ. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕೆಂಬುದು ನಿಯಮ. ಬೆಳಿಗ್ಗೆ ಹೈದರಾಬಾದಿನ ಸನತ್‌ನಗರದಲ್ಲಿ ಯಾದಮ್ಮನದು ಒಂದೇ ಕೋಣೆಯ ಮನೆ. ಆಕೆ ತಾನಾಗಿಯೇ ಅಕ್ಕಿಯ ಮೊರ ಹಿಡಿದು ಹೊರಗೆ ಬಿಸಿಲಲ್ಲಿ ಕೂತಳು. ಮಗಳು ಮುಚ್ಚುಮರೆಯಿಲ್ಲದೆ ಮಾತಾಡಿದಳು.

ಮಧ್ಯಾಹ್ನ ಗಚ್ಚಿಬೌಲಿಯ ದೊಡ್ಡ ಫ್ಲ್ಯಾಟು. ಇಷ್ಟು ಆದಾಯವಿರುವ ಮನೆಯ ಮಗಳಿಗೆ ಏನು ಭಯ ಎಂದುಕೊಂಡೇ ಹೋಗಿದ್ದೆ. ನಾನು ಕಲಬುರ್ಗಿಯವಳೆಂದು ತಿಳಿದದ್ದೇ ತಡ, ಅನಘಾಳ ತಾಯಿ ಸುನಂದಾಬಾಯಿ ಚಹಾ, ಅವಲಕ್ಕಿ ತಂದು ಪಕ್ಕದಲ್ಲೇ ಕೂತರು.

"ನಮ್ಮ ಕಡಿಯವರೇ ಇದ್ದೀರಿ, ನಿಮ್ಮ ಮುಂದ ಎಂಥಾ ಸಂಕೋಚ?"

ಎದ್ದು ಹೋಗಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮೈಯ ವಿಷಯದಲ್ಲಿ ಹೆದರಿಕೆಯಾದರೆ ಯಾರಿಗೆ ಹೇಳುತ್ತೀ ಎಂದು ಅನಘಾಳನ್ನು ಕೇಳಿದೆ.

"ಎಲ್ಲಾ ನನಗೇ ಹೇಳ್ತಾಳ್ರಿ," ಎಂದರು ತಾಯಿ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಫಾರ್ಮಿನಲ್ಲಿ 'ತಾಯಿ' ಎಂಬಲ್ಲಿ ಗುರುತು ಹಾಕಿದೆ.

ಲಿಫ್ಟಿನವರೆಗೆ ಬಿಡಲು ಅವಳೇ ಬಂದಳು. ನಾನು ಒಳಗೆ ಕಾಲಿಟ್ಟ ಮೇಲೆ ಮೆಲ್ಲಗೆ ಕೇಳಿದಳು: "ಆಂಟಿ, ಆ ಪ್ರಶ್ನೆ ನನಗ ಇನ್ನೊಮ್ಮೆ ಕೇಳ್ತೀರೇನ್ರಿ?"

ಅಷ್ಟರಲ್ಲಿ ತಾಯಿ ಕರೆದರು. ಬಾಗಿಲು ಮುಚ್ಚತೊಡಗಿತು. ತೆರೆಯುವ ಗುಂಡಿ ನನ್ನ ಬೆರಳ ಪಕ್ಕದಲ್ಲೇ ಇತ್ತು. ಒತ್ತಲಿಲ್ಲ. ಇನ್ನೂ ಮೂರು ಮನೆ ಬಾಕಿ ಇವೆ ಎಂದುಕೊಂಡೆ.

ಫಾರ್ಮು ಈಗ ಮೇಜಿನ ಮೇಲಿದೆ. ನಾಳೆ ಕೊಡಬೇಕು. ಆ ಗುರುತನ್ನು ಹೊಡೆದುಹಾಕಬಹುದು. ಹೊಡೆದುಹಾಕಿ ಏನು ಬರೆಯಲಿ? ಅವಳು ಇನ್ನೂ ಹೇಳೇ ಇಲ್ಲವಲ್ಲ.