ಯಾವ ಬರ್ತೀನಿ

ಮಾರ್ಚ್ 3, ಮಂಗಳವಾರ

ಇವತ್ತೂ ಅದೇ ಗೋಳು. ಅಂಗಡಿ ತೆಗೆದು, ಶೋಕೇಸಿನ ಕನ್ನಡಕದ ಫ್ರೇಮುಗಳ ಧೂಳು ಒರೆಸುತ್ತಾ ಫೋನ್ ನೋಡಿದರೆ ನಮ್ಮ ಸೈಕಲ್ ಗುಂಪಿನಲ್ಲಿ ಮೆಸೇಜು ರಾಶಿ ರಾಶಿ, ತೀರ್ಮಾನ ಮಾತ್ರ ಇಲ್ಲ. ಬೆಟ್ಟಕ್ಕೆ ಸೈಕಲ್ ಟ್ರಿಪ್ ಏಪ್ರಿಲ್ ಮೊದಲ ವಾರವೋ ಎರಡನೇ ವಾರವೋ ಅಂತ ಪೋಲ್ ಹಾಕಿದ್ದೆ. ಗುಂಪಿನಲ್ಲಿ ಐದು ಜನ. ವೋಟು ಆರು. ದಂತವೈದ್ಯರು ಎರಡಕ್ಕೂ ಒತ್ತಿದ್ದಾರೆ — 'ಎರಡೂ ಓಕೆ'. ಲೆಕ್ಕದ ಮೇಷ್ಟ್ರೂ ಎರಡಕ್ಕೂ ಒತ್ತಿ, ಕೆಳಗೆ 'ನೋಡೋಣ' ಅಂತ ಬರೆದಿದ್ದಾರೆ. ಈ ಮನುಷ್ಯ ತನ್ನ ಮದುವೆಯಲ್ಲೂ 'ನೋಡೋಣ' ಅಂದಿರಬೇಕು.

ದಿನವಿಡೀ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಾಯಿಸಿ 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಅಂತ ಕೇಳುತ್ತೇನೆ. 'ಎರಡೂ ಒಂದೇ ಥರ ಕಾಣ್ತಿದೆ' ಅನ್ನುತ್ತಾರೆ. ಸಂಜೆ ಗುಂಪಿನಲ್ಲೂ ಅದೇ ಉತ್ತರ. ಇಪ್ಪತ್ತನಾಲ್ಕು ಗಂಟೆಯೂ ಅದೇ ಡ್ಯೂಟಿ ಅನ್ನಿಸುತ್ತದೆ.

ಒತ್ತದೇ ಇದ್ದವನು ಅಣ್ಣ ಒಬ್ಬನೇ.

ಗುಂಪು ಕಟ್ಟಿದವನೇ ಅವನು. ಯಾವಾಗಲೂ ಎಲ್ಲರಿಗಿಂತ ಮುಂದೆ. ರಸ್ತೆಯಲ್ಲಿ ಗುಂಡಿ ಬಂದರೆ ಹಿಂತಿರುಗಿ ನೋಡದೆ ಕೈ ಇಳಿಸಿ ತೋರಿಸುತ್ತಿದ್ದ, ತಿರುವು ಬಂದರೆ ಕೈ ಚಾಚುತ್ತಿದ್ದ. ಹಿಂದೆ ಬರುವ ನಾವು ಕುರಿಗಳ ಹಾಗೆ ಅನುಸರಿಸುವುದು. ಈಗ ಅವನಿಗೆ ಪಕ್ಕದ ನೋಟ ಹೋಗುತ್ತಿದೆ. ಎದುರಿನದು ಕಾಣುತ್ತದೆ, ಅಕ್ಕಪಕ್ಕ ಇಲ್ಲ, ಕೊಳವೆಯಲ್ಲಿ ನೋಡಿದ ಹಾಗೆ. ಗೊತ್ತಾದದ್ದು ನನ್ನ ಅಂಗಡಿಯಲ್ಲೇ. ಓದುವ ಕನ್ನಡಕಕ್ಕೆಂದು ಬಂದವನು ಸ್ಟೂಲಿಗೆ ಎಡವಿ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, 'ಅಂಗಡಿ ಇಕ್ಕಟ್ಟು ಮಾಡ್ಕೊಂಡಿದ್ದೀಯ ಕಣೆ' ಅಂದ. ಅಂಗಡಿ ಮೊದಲಿನಷ್ಟೇ ಇತ್ತು. ಆಸ್ಪತ್ರೆಗೆ ಕಳಿಸಿದೆ. ಇನ್ನು ಸೈಕಲ್ ಹೊಡೆಯಬೇಡಿ ಅಂದರು. ಇರುವ ನೋಟ ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು ಅಂದರು.

ಹಾಗಾಗಿ ಮುಂದಿನ ವರ್ಷ ಅನ್ನುವ ಮಾತೇ ಬೇಡ. ಈ ವರ್ಷವೇ ಅವನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು. ಇದು ಗುಂಪಿನಲ್ಲಿ ಯಾರಿಗೂ ಬಿಡಿಸಿ ಹೇಳಿಲ್ಲ. ಹೇಳಿದರೆ ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಅವನ ಜೊತೆ ಮೆತ್ತಗೆ ಮಾತಾಡಲು ಶುರುಮಾಡುತ್ತಾರೆ. ಅವನಿಗೆ ಅದು ಆಗದು.

ಮಾರ್ಚ್ 4, ಬುಧವಾರ

ಅಣ್ಣನಿಗೆ ಫೋನ್ ಮಾಡಿದೆ. ಟ್ರಿಪ್ಪಿನ ವಿಷಯ ಎತ್ತಿದ ಕೂಡಲೇ 'ನಲ್ಲಿ ಸೋರ್ತಿದೆ, ರಿಪೇರಿಯವನು ಬಂದಿದಾನೆ. ಇಡ್ತೀನಿ' ಅಂದ. ಹಳೇ ಕಾಲದವನು. ಎಲ್ಲರೂ ಬೈ ಅಂದರೆ ಇವನು 'ಇಡ್ತೀನಿ' ಅನ್ನುತ್ತಾನೆ, ಇಡಲು ರಿಸೀವರ್ ಇಲ್ಲದಿದ್ದರೂ. ಅತ್ತಿಗೆಯನ್ನು ಆಮೇಲೆ ಕೇಳಿದೆ. ಯಾವ ನಲ್ಲಿಯೂ ಸೋರುತ್ತಿಲ್ಲವಂತೆ.

ಮಾರ್ಚ್ 8, ಭಾನುವಾರ

ಬೆಳಿಗ್ಗೆ ಸೈಕಲ್ ಹೊಡೆದು ಪಾರ್ಕಿನ ಬೆಂಚಿನ ಮೇಲೆ ಮೀಟಿಂಗ್. ದಾರಿ, ಏರು, ತಂಗುವ ಜಾಗ — ಮೂರು ವಿಷಯ ಮಾತಾಡಬೇಕಿತ್ತು. ಬ್ಯಾಂಕಿನ ಗೆಳತಿ ತಲೆದಿಂಬು ಎಷ್ಟು ಎತ್ತರ ಇರುತ್ತೆ ಅಂತ ಶುರುಮಾಡಿದಳು. ಅಲ್ಲಿಗೆ ಮುಗಿಯಿತು. ದಿಂಬಿನಿಂದ ಕತ್ತು, ಕತ್ತಿನಿಂದ ಬೆನ್ನು, ಬೆನ್ನಿನಿಂದ ಮೇಷ್ಟ್ರ ಅತ್ತೆಯ ಆಪರೇಷನ್ನು. ಏರಿನ ಬಗ್ಗೆ ಕೇಳಿದರೆ ಮೇಷ್ಟ್ರು 'ನೋಡೋಣ'. ರೀ, ಬೆಟ್ಟ ಅಲ್ಲೇ ಇದೆ, ನೀವು ನೋಡಿದರೂ ಇಳಿಯೋದಿಲ್ಲ ಅಂದೆ. ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಒಂದೇ ಲಾಭ: ಸೈಕಲ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಜೋಡಿ ಸೈಕಲ್ ಇದೆಯಂತೆ. ಒಂದೇ ಸೈಕಲ್, ಎರಡು ಸೀಟು, ಇಬ್ಬರೂ ತುಳಿಯಬೇಕು. ತಿರುಗುವ ಹ್ಯಾಂಡಲ್, ಬ್ರೇಕು ಮುಂದಿನವರ ಕೈಯಲ್ಲಿ.

ಮುಂದೆ ನಾನು, ಹಿಂದೆ ಅಣ್ಣ. ಹಿಂದಿನ ಸೀಟು ಅಂದರೆ ಅವನು ಒಪ್ಪಬೇಕಲ್ಲ.

ಮಾರ್ಚ್ 11, ಬುಧವಾರ

ಫೋನ್ ಮಾಡಿದೆ. ಈ ಸಲ ನಲ್ಲಿಯ ನೆಪಕ್ಕೆ ಬಿಡಲಿಲ್ಲ. ಜೋಡಿ ಸೈಕಲ್ ವಿಷಯ ಹೇಳಿದೆ. 'ಲಗೇಜ್ ಥರ ಹಿಂದೆ ಕೂರಿಸ್ಕೊಂಡು ಹೋಗ್ತೀಯಾ' ಅಂದ. ಲಗೇಜು ತುಳಿಯೋದಿಲ್ಲ ಅಂದೆ. ನನಗೂ ರೇಗಿತ್ತು, ಬಾಯಿಗೆ ಬಂದದ್ದು ಅಂದುಬಿಟ್ಟೆ. ಇಷ್ಟು ವರ್ಷ ಮುಂದೆ ಹೋಗಿ ನೀನು ಕಂಡಿದ್ದು ಬರೀ ಗುಂಡಿ. ಹಿಂದೆ ಕೂತರೆ ರಸ್ತೆ ನನ್ನ ತಲೆನೋವು, ನೀನು ಕತ್ತು ತಿರುಗಿಸಿ ಬೆಟ್ಟ ನೋಡಬಹುದು.

ಅತ್ತಿಗೆ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು.

ಆಮೇಲೆ — 'ಸರಿ ಕಣೆ. ಬರ್ತೀನಿ.'

ಫೋನ್ ಕಟ್ಟಾಯಿತು. ಅಂಗಡಿಯಲ್ಲಿ ಒಬ್ಬಳೇ ಕುಣಿದೆ. ಕಣ್ಣಿಗೆ ಹನಿ ಬಿಟ್ಟು ಕೂರಿಸಿದ್ದ ಗಿರಾಕಿ ಒಬ್ಬರಿದ್ದರು, ಅವರಿಗೆ ಹೇಗೂ ಎಲ್ಲ ಮಂಜು. ಅಂಗಡಿ ಮುಚ್ಚಿ ನೇರ ಹೋಗಿ ಜೋಡಿ ಸೈಕಲ್ ಬುಕ್ ಮಾಡಿದೆ. ಯಾವ ಅಂಗಡಿ ಅಂತ ಅತ್ತಿಗೆಗೂ ಹೇಳಿದೆ.

ಮಾರ್ಚ್ 12, ಗುರುವಾರ

ದಂತವೈದ್ಯರು ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಬಂದಿದ್ದರು. ದಾರಿ, ನಾನೇ ಗೊತ್ತುಮಾಡಿದ ಏಪ್ರಿಲ್ 4ರ ದಿನ, ಎಲ್ಲ ವಿವರಿಸಿದೆ. ತಲೆಯಾಡಿಸಿದರು. ಬಾಗಿಲ ಹತ್ತಿರ ನಿಂತು 'ಸರಿ, ಬರ್ತೀನಿ' ಅಂದರು. ಇಬ್ಬರು ಪಕ್ಕಾ! ಮೇಷ್ಟ್ರು ಇನ್ನೂ ನೋಡುತ್ತಿದ್ದಾರೆ.

ಮಾರ್ಚ್ 20, ಶುಕ್ರವಾರ

ಒಂದು ವಾರ ಬರೆಯಲು ಬಿಡುವೇ ಆಗಲಿಲ್ಲ. ವ್ಯಾನು, ರೂಮು, ಪಂಕ್ಚರ್ ಸಾಮಾನು ಎಲ್ಲ ನನ್ನ ತಲೆಗೇ. ಬ್ಯಾಂಕಿನವಳು ದಿಂಬು ಮನೆಯಿಂದಲೇ ತರುತ್ತಾಳಂತೆ. ತರಲಿ, ಹಾಸಿಗೆಯನ್ನೂ ಮಂಚವನ್ನೂ ತರಲಿ.

ಇವತ್ತು ದಂತವೈದ್ಯರಿಗೆ ಹೆಲ್ಮೆಟ್ ಅಳತೆ ಕೇಳಲು ಫೋನ್ ಮಾಡಿದರೆ, 'ಯಾತಕ್ಕೆ?' ಅಂದರು. ಟ್ರಿಪ್ಪಿಗೆ ಅಂದೆ. 'ನಾನು ಬರ್ತಿಲ್ವಲ್ಲ' ಅಂದರು. ಮೈಯೆಲ್ಲಾ ಉರಿಯಿತು.

"ಅಂಗಡಿ ಬಾಗಿಲಲ್ಲಿ ನಿಂತು ಬರ್ತೀನಿ ಅಂದ್ರಲ್ಲ ಡಾಕ್ಟ್ರೇ."

"ಅಯ್ಯೋ, ಅದು ಹೊರಡೋ ಬರ್ತೀನಿ. ಹೋಗ್ತೀನಿ ಅನ್ನಬಾರದಲ್ಲ, ಅದಕ್ಕೆ ಅಂದಿದ್ದು."

ತಪ್ಪು ಯಾರದು? ಹೋಗುವಾಗ ಬರ್ತೀನಿ, ಬರುವುದಾದರೂ ಬರ್ತೀನಿ, ಬರಲು ಮನಸ್ಸಿಲ್ಲದಿದ್ದರೆ ನೋಡೋಣ. ಈ ಭಾಷೆ ಇಟ್ಟುಕೊಂಡು ಟ್ರಿಪ್ ಪ್ಲಾನ್ ಮಾಡಲು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕೋ.

ಫೋನ್ ಇಟ್ಟು ಲೆನ್ಸ್ ಉಜ್ಜಲು ಕೂತೆ. ಅರ್ಧ ಉಜ್ಜಿ ಬಟ್ಟೆ ಪಕ್ಕಕ್ಕಿಟ್ಟೆ. ಅಣ್ಣ ಅಂದದ್ದೂ ಅಷ್ಟೇ ಅಲ್ಲವಾ. ಸರಿ ಕಣೆ, ಬರ್ತೀನಿ.

ಮಾರ್ಚ್ 21, ಶನಿವಾರ

ಅಣ್ಣನಿಗೆ ಮೆಸೇಜ್ ಹಾಕಿದೆ: 'ಟ್ರಿಪ್ಪಿಗೆ ಬರೋದು ಖಂಡಿತ ತಾನೆ?' ಫೋನ್ ಮಾಡಿ ಕೇಳಬಹುದಿತ್ತು. ಧೈರ್ಯವಾಗಲಿಲ್ಲ. ಇಲ್ಲ ಅನ್ನುವುದನ್ನು ಅವನ ದನಿಯಲ್ಲಿ ಕೇಳಲು ನನಗೆ ಆಗದು. ಸಂಜೆಯವರೆಗೂ ಉತ್ತರವಿಲ್ಲ.

ಮಾರ್ಚ್ 24, ಮಂಗಳವಾರ

ಉತ್ತರವಿಲ್ಲ. ಆಗಲಿ. ಪಾಪ, ನನ್ನ ವರಾತ ತಡೆಯಲಾಗದೆ ಮಾತು ಮುಗಿಸಲು ಹಾಗಂದಿರಬೇಕು. ಮತ್ತೆ ಮತ್ತೆ ಕೇಳಿ ಅವನನ್ನು ಕುಗ್ಗಿಸುವುದು ಬೇಡ. ಜೋಡಿ ಸೈಕಲ್ ಬೇಡ ಅಂತ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಅಂಗಡಿಯವರಿಗೇನೂ ಬೇಜಾರಾಗಲಿಲ್ಲ. ನನಗೆ ಊಟ ಸೇರಲಿಲ್ಲ.

ಇತ್ತ ದಂತವೈದ್ಯರ ಜಾಗಕ್ಕೆ ಮೇಷ್ಟ್ರು ತಮ್ಮ ಷಡ್ಡಕನನ್ನು ಸೇರಿಸಿದ್ದಾರೆ. ಷಡ್ಡಕ ಮೊದಲ ಮೆಸೇಜಿನಲ್ಲೇ 'ಏರು ಇಲ್ಲದ ದಾರಿ ಇಲ್ವಾ?' ಅಂತ ಕೇಳಿದ್ದಾನೆ. ಬೆಟ್ಟಕ್ಕೆ. ಏರು ಇಲ್ಲದ ದಾರಿ. ನಾನೇ ಬರುವುದಿಲ್ಲ ಅಂತ ಬರೆದು, ಅಳಿಸಿದೆ.

ಮಾರ್ಚ್ 28, ಶನಿವಾರ

ನನ್ನ ಸೈಕಲ್ಲಿಗೆ ಬ್ರೇಕ್ ಬ್ಲಾಕ್ ತರಲು ಬಾಡಿಗೆ ಅಂಗಡಿಗೆ ಹೋಗಿದ್ದೆ. ಜೋಡಿ ಸೈಕಲ್ ಬಾಗಿಲಿಗೆ ಅಡ್ಡ ನಿಂತಿತ್ತು. ಅದರ ಹಿಂದಿನ ಹ್ಯಾಂಡಲ್ಲಿಗೆ ಒಂದು ಹಳೇ ಚರ್ಮದ ಸೀಟು ತೂಗುಹಾಕಿದ್ದರು.

ಕಂದು ಚರ್ಮ. ಎಡಗಡೆ ಸವೆದು ಕಪ್ಪಾಗಿದೆ. ಕೆಳಗೆ ನೀಲಿ ತಂತಿ ಸುತ್ತಿದೆ. ಆ ತಂತಿ ಸುತ್ತಿದವಳು ನಾನು. ಆ ಸೀಟಿನ ಮೇಲೆ ಕೂತೇ ನಾನು ಸೈಕಲ್ ಕಲಿತದ್ದು, ಅಣ್ಣ ಹಿಂದಿನಿಂದ ಹಿಡಿದು ಓಡುತ್ತಿದ್ದ.

ಇದು ಯಾರದು ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. ಬುಧವಾರ ಗಂಡ ಹೆಂಡತಿ ಬಂದಿದ್ದರಂತೆ. ಯಜಮಾನರು ಹೆಂಡತಿಯ ತೋಳು ಹಿಡಿದುಕೊಂಡಿದ್ದರಂತೆ. ಜೋಡಿ ಸೈಕಲ್ಲಿನ ಹಿಂದಿನ ಸೀಟು ತೆಗೆದು ನಮ್ಮದು ಹಾಕಿಕೊಡಿ, ಇದರ ಮೇಲೆ ಕೂತರೆ ಮಾತ್ರ ನನಗೆ ಒಗ್ಗೋದು ಅಂದರಂತೆ.

"ಅದರ ಬುಕಿಂಗ್ ಕ್ಯಾನ್ಸಲ್ ಆಗಿದೆಯಲ್ಲ ಸಾರ್ ಅಂದೆ. 'ಹೌದಾ' ಅಂದ್ರು. ಅಷ್ಟೇ ಮೇಡಂ. ಸೀಟು ಇಲ್ಲೇ ಬಿಟ್ಟು ಹೋದ್ರು. ಕೂಗಿದೆ, ತಿರುಗಲಿಲ್ಲ."

ಬ್ರೇಕ್ ಬ್ಲಾಕ್ ಬೇಕಾ ಅಂತ ಅಂಗಡಿಯವರು ಕೇಳುತ್ತಿದ್ದರು. ಬೇಡ, ಸೈಕಲ್ ಕೊಡಿ ಅಂದೆ. ಆ ಸೀಟು ಹಾಕಿ ಕೊಡಿ. ನಾಳೆ ಬೆಳಿಗ್ಗೆಗೇ ಬೇಕು.

ಮಾರ್ಚ್ 29, ಭಾನುವಾರ

ಇಬ್ಬರ ಸೈಕಲ್ಲನ್ನು ಒಬ್ಬಳೇ ಹೊಡೆಯುವುದು ಸುಲಭವಲ್ಲ. ತಿರುವಿನಲ್ಲಿ ಬಾಲ ಬೇರೆ ಕಡೆ ಹೋಗುತ್ತದೆ. ಅಣ್ಣನ ಓಣಿಯಲ್ಲಿ ಮಕ್ಕಳು ಬೆನ್ನು ಹತ್ತಿದವು. 'ಆಂಟಿ, ಹಿಂದೆ ಕೂತಿದ್ದೋರು ಬಿದ್ದೋಗಿದಾರೆ' ಅಂತ ಒಂದು ಕೂಗಿತು. ಗೊತ್ತು ಪುಟ್ಟಾ ಅಂದೆ.

ಅತ್ತಿಗೆ ಬಾಗಿಲು ತೆಗೆದರು. ಮುಖ ಊದಿಸಿಕೊಂಡಿದ್ದರು, ಒಳಗೆ ಬಾ ಅನ್ನಲಿಲ್ಲ. ಅಣ್ಣ ಕಿಟಕಿ ಪಕ್ಕ ಕೂತಿದ್ದ. ಮೆಸೇಜ್ ನೋಡಲಿಲ್ಲವಾ ಅಂತ ನಾನೇ ಜೋರು ಮಾಡಿದೆ, ತಪ್ಪು ನನ್ನದಾದಾಗ ನನ್ನ ದನಿ ಏರುತ್ತದೆ. ಫೋನಿನಲ್ಲಿ ಓದುವುದನ್ನು ಬಿಟ್ಟು ತಿಂಗಳುಗಳಾದವಂತೆ. ಸಾಲು ಹಿಡಿಯುವುದರೊಳಗೆ ಸಾಕಾಗುತ್ತದಂತೆ. ದಿನಾ ಹತ್ತು ಜನರ ಕಣ್ಣು ನೋಡುವವಳು, ಇವನಿಗೆ ಮೆಸೇಜ್ ಹಾಕಿ ಉತ್ತರ ಕಾಯುತ್ತಾ ಕೂತಿದ್ದೆ.

"ಕ್ಯಾನ್ಸಲ್ ಮಾಡಿದ್ಯಂತೆ" ಅಂದ.

"ನೀನು ಬರ್ತೀನಿ ಅಂದಿದ್ದು ಫೋನ್ ಇಡೋಕೆ ಅಂದಿದ್ದು ಅಂದ್ಕೊಂಡೆ."

"ಫೋನ್ ಇಡುವಾಗ ನಾನು ಏನಂತೀನಿ?"



"ಇಡ್ತೀನಿ ಅಂತೀಯ."

"ಮತ್ತೆ?"

ಹುಟ್ಟಿದಾಗಿನಿಂದ ಕೇಳುತ್ತಿರುವ ಮಾತು. ಆ ದಿನ ಅವನು 'ಇಡ್ತೀನಿ' ಅನ್ನಲೇ ಇಲ್ಲ ಅನ್ನುವುದು ನನ್ನ ಕಿವಿಗೆ ಬೀಳಲಿಲ್ಲ.

"ಹಿಂದಿನ ಸೀಟಿಗೂ ಇವನು ಆಗಲ್ಲ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದ್ರಿ ಅಂದ್ಕೊಂಡೆ" ಅಂದ.

ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ. ಎದ್ದು, ಗೋಡೆ ಸವರಿಕೊಂಡು ಹೊರಗೆ ಬಂದು, ಸೀಟಿನ ಮೇಲೆ ಕೈಯಾಡಿಸಿದ. 'ಮೂತಿ ಒಂದು ಬೆರಳು ಮೇಲಾಯ್ತು. ಯಾರು ಹಾಕಿದ್ದು ಇದನ್ನ' ಅಂತ ಬೈದ. ಬೈಯುವುದನ್ನು ಕೇಳಿ ಜೀವ ಬಂತು.

ಓಣಿಯ ತುದಿಯವರೆಗೆ ಒಂದು ಸುತ್ತು. ಹಿಂದಿನಿಂದ ಒಂದೇ ಸಮ ಗೊಣಗಾಟ — ನಿಧಾನ ಹೊಡಿ, ಗೇರ್ ಬದಲಾಯಿಸು, ಭುಜ ಯಾಕೆ ಬಿಗಿ ಹಿಡ್ದಿದ್ದೀಯ. ತಿರುವಿನಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿದ್ದವು, ಸಿಗ್ನಲ್ ಕೊಡಲು ನನಗೆ ಧೈರ್ಯವಾಗಲಿಲ್ಲ. ಎದುರು ಬರುತ್ತಿದ್ದ ಸ್ಕೂಟರಿನವನು ನಿಂತು ದಾರಿ ಬಿಟ್ಟ. ಯಾಕೆ ಅಂತ ಕತ್ತು ಸ್ವಲ್ಪ ತಿರುಗಿಸಿದೆ. ಅಣ್ಣ ಹಿಂದೆ ಕೂತು ಕೈ ಚಾಚಿದ್ದ. ನಾನು ವಾಲಿದ್ದರಲ್ಲೇ ತಿರುವು ಅಂತ ಗೊತ್ತಾಯಿತಂತೆ.

ಹೊರಡುವಾಗ 'ಬರ್ತೀನಿ ಅಣ್ಣ' ಅಂದೆ.

"ಯಾವ ಬರ್ತೀನಿ?" ಅಂದ.

ಅತ್ತಿಗೆಯ ಮುಖ ಆಗ ಸಡಿಲವಾಯಿತು. ಬೆಟ್ಟಕ್ಕೆ ಬರ್ತೀಯಾ ಅಂತ ಮಾತ್ರ ಕೇಳಲಿಲ್ಲ ನಾನು. ಅವನೂ ಹೇಳಲಿಲ್ಲ.

ಏಪ್ರಿಲ್ 2, ಗುರುವಾರ

ಷಡ್ಡಕ ಬರುತ್ತಿಲ್ಲ. ಬೆಟ್ಟದ ಫೋಟೋ ನೋಡಿದನಂತೆ. ಸಂಜೆ ದಂತವೈದ್ಯರ ಫೋನು — 'ನನ್ನ ಜಾಗ ಇದೆ ತಾನೆ? ಬರ್ತೀನಿ ಅಂದಿದ್ನಲ್ಲ.' ಹಲ್ಲು ಕಚ್ಚಿಕೊಂಡೆ. ಮುರಿದರೆ ಅವರ ಹತ್ತಿರವೇ ಹೋಗಬೇಕು.

ಅಣ್ಣನ ಮನೆಯಿಂದ ಸುದ್ದಿಯಿಲ್ಲ. ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅತ್ತಿಗೆಗೆ ಹೇಳಿದೆ. 'ಅವರಿಗೆ ಹೇಳ್ತೀನಿ' ಅಂದರು. ಅಷ್ಟೇ.

ಏಪ್ರಿಲ್ 4, ಶನಿವಾರ, ಬೆಳಿಗ್ಗೆ

ವ್ಯಾನ್ ಬಂದಿದೆ. ಬ್ಯಾಂಕಿನವಳು ಎರಡು ದಿಂಬು ತಂದಿದ್ದಾಳೆ. ಡ್ರೈವರ್ ಜೋಡಿ ಸೈಕಲ್ ನೋಡಿ 'ಇದು ಸೈಕಲ್ಲಾ ಏಣಿನಾ' ಅಂತ ಕೇಳಿ, ಈಗ ಅದನ್ನು ಮೇಲಕ್ಕೆ ಕಟ್ಟಲು ಒದ್ದಾಡುತ್ತಿದ್ದಾನೆ. ದಂತವೈದ್ಯರ ಒಂದು ಸಾಕ್ಸ್ ಕಾಣುತ್ತಿಲ್ಲ. ಮೇಷ್ಟ್ರು ಆಕಾಶ ನೋಡುತ್ತಾ ನಿಂತಿದ್ದಾರೆ. ಹಿಂದಿನ ಸೀಟು ಖಾಲಿ ಹೊತ್ತುಕೊಂಡು ಹೋಗಬೇಕಾದರೂ ಸರಿ, ಬಿಚ್ಚಿಸುವುದಿಲ್ಲ ಅಂತ ತೀರ್ಮಾನಿಸಿ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯ

ಅಣ್ಣನ ಫೋನು.

"ಎಲ್ಲಿ ಸತ್ರಿ ಎಲ್ಲಾ? ಶೂ ಹಾಕ್ಕೊಂಡು ಗೇಟ್ ಹತ್ರ ನಿಂತು ಕಾಲು ನೋವು ಬಂತು. ಸ್ಪ್ಯಾನರ್ ತಗೋ, ಸೀಟಿನ ಮೂತಿ ಇಳಿಸ್ಬೇಕು. ಇಡ್ತೀನಿ."

ಇಡ್ತೀನಿ ಅಂದ. ನಾನೂ ಪೆನ್ನು ಇಡ್ತೀ