ಗರಗಸಕ್ಕೆ ಕೊಟ್ಟ ಹಳೆಯ ತೊಲೆ

ಸೋಮವಾರ, ಮಧ್ಯಾಹ್ನ ಮೂರೂವರೆ
ಮರಗೆಲಸದ ಶೆಡ್ಡಿನಿಂದ

ನನ್ನ ವಕೀಲಮ್ಮನಿಗೆ ಅಮ್ಮ ಮಾಡುವ ಆಶೀರ್ವಾದ.

ಹತ್ತು ತಿಂಗಳಿಂದ ಮಾತು ಬಿಟ್ಟವಳು ಈಗೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಕೇಸು ತೀರ್ಮಾನವಾಯಿತು. ನಾನು ಸೋತೆ. ಬೇರೆಯವರ ಬಾಯಿಂದ ಬಂದರೆ ಈ ಸುದ್ದಿಗೆ ಉಪ್ಪು ಖಾರ ಸೇರಿರುತ್ತದೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಒಂದು ವಿಷಯ ಗೊತ್ತಿರಲಿ. ನಾನು ತಲೆ ತಗ್ಗಿಸಿಕೊಂಡು ಕೋರ್ಟಿನಿಂದ ಹೊರಗೆ ಬರಲಿಲ್ಲ. ನಿನ್ನಪ್ಪ ಹೋದಾಗ ಈ ಶೆಡ್ಡಿನಲ್ಲಿ ಇದ್ದದ್ದು ಎರಡು ಉಳಿ, ಒಂದು ಕೈಗರಗಸ, ಕಾಲು ಮುರಿದ ಬೆಂಚು ಮತ್ತು ತೊಟ್ಟಿಲಲ್ಲಿ ನೀನು. ಇವತ್ತು ಆರು ಜನ ಕೆಲಸ ಮಾಡುತ್ತಾರೆ. ಊರಿನ ಅರ್ಧ ಬಾಗಿಲುಗಳು ನಮ್ಮ ಕೈಯವು. ಆ ಕೋರ್ಟಿನ ಬಾಗಿಲೂ ನಮ್ಮದೇ. ಒಳಗೆ ಹೋಗುವಾಗ ಚೌಕಟ್ಟಿನ ಮೇಲೆ ಕೈಯಾಡಿಸಿದೆ, ಹದಿನಾಲ್ಕು ವರ್ಷವಾದರೂ ಕೂದಲೆಳೆಯಷ್ಟು ಬಿರುಕಿಲ್ಲ. ಜವಾನನಿಗೂ ತೋರಿಸಿದೆ, ಪಾಪ, ಅವನಿಗೆ ಅರ್ಥವಾಗಲಿಲ್ಲ.

ಹೆತ್ತ ಮಗಳೇ ಒಲ್ಲೆ ಎಂದ ಮೇಲೆ ಬೇರೆ ವಕೀಲರ ಹಂಗೇಕೆ ಎಂದು ನಾನೇ ವಾದಿಸಿದೆ. ಕೇಸು ಹಾಕಿದ ಪಕ್ಕದ ಮನೆಯ ಟೀಚರಮ್ಮ ಬಂದು ಎರಡು ವರ್ಷ, ನನ್ನ ಗರಗಸದ ಮೆಷೀನು ಕೂತು ಇಪ್ಪತ್ತಾರು ವರ್ಷ. ಸದ್ದು ಬೇಡದವರು ಸದ್ದಿನ ಪಕ್ಕಕ್ಕೇ ಬಂದು ಮನೆ ಮಾಡಿದ್ದೇಕೆ ಎಂದು ಕೇಳಿದೆ. ಸಾಲದ್ದಕ್ಕೆ ನಿನ್ನನ್ನೂ ವಾದದೊಳಗೆ ಎಳೆದು ತಂದೆ. ಮನೆಪಾಠದ ಮಕ್ಕಳಿಗೆ ತೊಂದರೆ ಅನ್ನುತ್ತಾರಲ್ಲ, ನನ್ನ ಮಗಳು ಇದೇ ಮೆಷೀನಿನ ಮೇಲಿನ ಅಟ್ಟದಲ್ಲಿ ಓದಿ ವಕೀಲೆಯಾದಳು, ಒಂದು ದಿನವೂ ಗೊಣಗಲಿಲ್ಲ, ಪೆನ್ಸಿಲ್ ಎತ್ತಿ ಹಿಡಿದು ಯೋಚಿಸಿ ಯೋಚಿಸಿ ಬರೆಯುತ್ತಿದ್ದಳು ಎಂದೆ. ಕೋರ್ಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆಮೇಲೆ ಕೋರ್ಟಿನವರು ಜಾಗ ನೋಡಿ ವರದಿ ಕೊಡಲು ಒಬ್ಬ ಕಮಿಷನರನ್ನು ಕಳಿಸಿದರು. ಅವರು ಟೀಚರಮ್ಮನ ಕೋಣೆಯಲ್ಲಿ ಕೂರುವುದು, ನಾನು ಈಚೆ ಮೆಷೀನು ಓಡಿಸುವುದು ಎಂದಾಯಿತು. ಅಕ್ಕಾ, ಮೆದು ಹಲಗೆ ಹಾಕೋಣ, ಸದ್ದೇ ಬರಲ್ಲ, ಕೇಸು ನಮ್ದೇ ಅಂತ ನಮ್ಮ ಮೇಸ್ತ್ರಿ ನನ್ನ ಹಿಂದೆಯೇ ಸುತ್ತಿದ. ನಾನು ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದಂಥ ಹಳೆಯ ತೊಲೆಯನ್ನು ಎತ್ತಿಸಿ ಗರಗಸಕ್ಕೆ ಕೊಟ್ಟೆ. ನನ್ನ ಮೆಷೀನು ಏನೆಂದು ಅವರೂ ತಿಳಿಯಲಿ ಎಂದೆ. ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡ. ಆಚೆ ಮೇಜಿನ ಮೇಲಿದ್ದ ನೀರಿನ ಲೋಟ ತಾನಾಗಿ ಸರಿದು ಕಮಿಷನರ ಮಡಿಲಿಗೆ ಬಿತ್ತಂತೆ. ಅದೂ ವರದಿಯಲ್ಲಿ ಬಂದಿದೆ. ಜಂಬಕ್ಕೆ ಬಿದ್ದು ಕೇಸು ಕಳೆದುಕೊಂಡಳು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ.

ತೀರ್ಪಿನಲ್ಲಿ ನ್ಯಾಯಾಧೀಶರು ಹೇಳಿದ್ದು ನೀನು ಅಂದು ಹೇಳಿದ್ದನ್ನೇ. ಮೊದಲು ಬಂದವರೆಂಬ ಮಾತ್ರಕ್ಕೆ ಪಕ್ಕದವರ ನೆಮ್ಮದಿ ಕೆಡಿಸುವ ಹಕ್ಕು ಬರುವುದಿಲ್ಲವಂತೆ. ಟೀಚರಮ್ಮ ಬರುವ ಮುಂಚೆ ಅಲ್ಲಿದ್ದದ್ದು ಬೀಗ ಹಾಕಿದ ಗೋದಾಮು, ತೊಂದರೆಪಡಲು ಅಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಆ ವರ್ಷಗಳನ್ನು ಮುಂದಿಟ್ಟುಕೊಂಡು ಹಕ್ಕು ಕೇಳುವಂತಿಲ್ಲವಂತೆ. ನಮ್ಮ ಜಾಗದಲ್ಲಿ ನಮ್ಮ ಕೆಲಸ ಸರಿ, ಆದರೆ ಪಕ್ಕದವರು ತಮ್ಮ ಮನೆಯಲ್ಲಿ ಬಾಳಲಾಗದಷ್ಟು ಸದ್ದು ಗೋಡೆ ದಾಟಬಾರದಂತೆ. ಇದನ್ನೇ ಹೇಳಿದ್ದಕ್ಕೆ ನಿನ್ನನ್ನು ಊಟದ ಮಧ್ಯೆ ಎಬ್ಬಿಸಿ ಕಳಿಸಿದ್ದೆ. ಒಂದು ಗಂಟೆ ಆ ಕೋಣೆಯಲ್ಲಿ ಕೂತು ನೋಡಮ್ಮ ಅಂತ ಬಾಗಿಲಲ್ಲಿ ನಿಂತು ಹೇಳಿದ್ದೆ ನೀನು. ನಾನೇಕೆ ಅವರ ಮನೆಗೆ ಹೋಗಿ ಕೂರಲಿ ಎಂದಿದ್ದೆ. ಈಗ ಸೋತವಳು ನಾನು, ಎದೆ ಉಬ್ಬಿದ್ದೂ ನನ್ನದೇ. ಇಷ್ಟನ್ನೂ ನನ್ನ ಮಗಳು ಎಂದೋ ಹೇಳಿದ್ದಳು ಸ್ವಾಮಿ ಎಂದು ಎದ್ದು ನಿಂತು ಹೇಳಬೇಕೆನಿಸಿತು.

ಇನ್ನು ಕೋರ್ಟಿನ ಆದೇಶದಂತೆ ಮೆಷೀನು ಬೆಳಿಗ್ಗೆ ಎಂಟರಿಂದ ಎರಡರವರೆಗೆ ಮಾತ್ರ. ಅದರ ಕೆಳಗೆ ದಪ್ಪ ರಬ್ಬರು, ಆ ಬದಿಗೆ ಇನ್ನೊಂದು ಗೋಡೆ. ಮೂರು ತಿಂಗಳಲ್ಲಿ ಆಗದಿದ್ದರೆ ಶೆಡ್ಡಿಗೆ ಬೀಗ. ಆಗುತ್ತದೆ. ಎರಡರ ಮೇಲೆ ಉಳಿ, ಕೈಗರಗಸದ ಕೆಲಸ, ನಾನು ಶುರು ಮಾಡಿದ್ದೇ ಅದರಿಂದ. ಆರು ಜನರಲ್ಲಿ ಒಬ್ಬರನ್ನೂ ಬಿಡುವುದಿಲ್ಲ. ಈಗ ಮೆಷೀನು ನಿಂತಿದೆ. ಗೋಡೆಯಾಚೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿದೆ, ಒಂದು ಮಗು ದಿನಾ ಹನ್ನೆರಡೇಳರಲ್ಲಿ ಮುಗ್ಗರಿಸುತ್ತದೆ.

ಬಿಡುವಾದಾಗ ಬಾ. ಈ ಸಲ ಊಟ ಮುಗಿಯುವವರೆಗೂ ಎಬ್ಬಿಸುವುದಿಲ್ಲ.

ನಿನ್ನ ಅಮ್ಮ,
ಈಗಲೂ ಈ ಶೆಡ್ಡಿನ ಯಜಮಾನಿ

ತಾ.ಕ.: ತೊಲೆಯ ವಿಷಯದಲ್ಲಿ ಪೂರ್ತಿ ನಿಜ ಬರೆಯಲಿಲ್ಲ, ಅದನ್ನು ಕೊಟ್ಟದ್ದು ಜಂಬಕ್ಕಲ್ಲ. ಮೇಸ್ತ್ರಿಗೂ ಗೊತ್ತಿಲ್ಲ, ಹೇಳಬೇಡ. ಕಮಿಷನರು ಬರುವ ಹಿಂದಿನ ದಿನ ಜಗಳ ಕಾಯಲೆಂದೇ ಟೀಚರಮ್ಮನ ಮನೆಗೆ ನುಗ್ಗಿದ್ದೆ. ಪಾಠ ಮುಗೀಲಿ, ಕೂತ್ಕೊಳ್ಳಿ ಅಂದರು. ಹಿಂದಿನ ಬೆಂಚಿನಲ್ಲಿ ಕೂತೆ. ಅಷ್ಟರಲ್ಲಿ ಈಚೆ ಮೇಸ್ತ್ರಿ ಮೆಷೀನು ಹಾಕಿದ. ಹನ್ನೊಂದು ಮಕ್ಕಳೂ ಒಟ್ಟಿಗೆ ಪೆನ್ಸಿಲ್ ಎತ್ತಿ ಹಿಡಿದು ಸುಮ್ಮನೆ ಕೂತವು. ಒಂದೂ ಮುಖ ಕಿವುಚಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಮೆಷೀನು ನಿಂತಿತು, ಬಿಟ್ಟ ಅಕ್ಷರದಿಂದಲೇ ಮತ್ತೆ ಬರೆಯತೊಡಗಿದವು. ಕೆಳಗೆ ಮೆಷೀನು ಓಡುತ್ತಿರುವಾಗ ಊಟಕ್ಕೆ ಕರೆಯಲು ಅಟ್ಟ ಹತ್ತಿ ಬಂದಾಗಲೆಲ್ಲ ನೀನೂ ಹಾಗೇ ಪೆನ್ಸಿಲ್ ಎತ್ತಿ ಹಿಡಿದು ಕೂತಿರುತ್ತಿದ್ದೆ. ನಾನು ಅದನ್ನು ಯೋಚನೆ ಅಂದುಕೊಂಡಿದ್ದೆ, ಮಗಳೇ.